ಹಕ್ಕಿ ಅಂದ್ರ ಹಕ್ಕಿ, ಅಷ್ಟ!

ಕವಿತೆಗೆ ಅರ್ಥ ಹೇಳಿದರೆಂಬ ಕಾರಣಕ್ಕೆ ಮಂದಿಯ ಮೇಲೆ ಏರಿ ಹೋಗುವ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿಲ್ಲವೆಂದರೆ ಪುಣ್ಯವಂತರು. ನನಗೆ ಆ ಪುಣ್ಯವಿಲ್ಲ. ಅಂಥವನೊಬ್ಬ ನನ್ನ ಸೋದರಮಾವನೇ ಆಗಿದ್ದಾನೆ. ಸಾಲದ್ದಕ್ಕೆ ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು! ಅರ್ಥ ಹೇಳುವುದೇ ನನ್ನ ಹೊಟ್ಟೆಪಾಡು. ಎಣ್ಣೆ, ಸೀಗೆಕಾಯಿ ಎರಡನ್ನೂ ದೇವರು ಒಂದೇ ಮನೆತನದಲ್ಲಿ ಇಟ್ಟ.

ಮಾಮನಿಗೆ ಬರುವುದು ಒಂದೇ ಒಂದು ಕವಿತೆ, ಸಾಲಿ ಪುಸ್ತಕದ್ದು. ಬರೆದವರು ಯಾರೆಂದು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಉಮೇದಿಯೂ ಇಲ್ಲ. ಕೊಯ್ಲಾದ ಜೋಳದ ಹೊಲಕ್ಕೆ ಒಂದು ಹಕ್ಕಿ ಬರುತ್ತದೆ. ಉದುರಿದ ಕಾಳು ಹೆಕ್ಕುತ್ತದೆ, ಒಂದಿಷ್ಟು ಹಾಡುತ್ತದೆ, ಸಂಜೆಯಾದೊಡನೆ ಹಾರಿಹೋಗುತ್ತದೆ. ಕೊನೆಯ ಸಾಲುಗಳು ಇವು:

ಹೊಳೆಯಾಚೆ ಹಾರಿತು ಹಕ್ಕಿ, ಹಿಂದಿರುಗಿ ನೋಡಲೇ ಇಲ್ಲ;
ಕೊಯ್ದ ಹೊಲ ನೋಡುತ್ತ ಉಳಿಯಿತು, ಕತ್ತಲಾಗುವ ತನಕ.

ಇಷ್ಟೇ. ಆದರೆ ನಮ್ಮ ಗೈಡುಗಳು ಬಿಟ್ಟಾವೆಯೇ? ಹಕ್ಕಿ ಎಂದರೆ ಜೀವಾತ್ಮ, ಹೊಳೆ ಎಂದರೆ ಸಂಸಾರ, ಆಚೆ ದಡ ಎಂದರೆ ಮೋಕ್ಷ. ಇದನ್ನು ಕೇಳಿದರೆ ಮಾಮನಿಗೆ ಅಂಗಾಲಿನಿಂದ ನೆತ್ತಿಯ ತನಕ ಉರಿ!

"ಹಕ್ಕಿ ಅಂದ್ರ ಹಕ್ಕಿ, ಅಷ್ಟ! ಪಾಪ, ಕಾಳ ತಿನ್ನಾಕ ಬಂದೈತಿ. ಅದರ ಬೆನ್ನ ಮ್ಯಾಲೆ ಆತ್ಮಾ ಪರಮಾತ್ಮಾ ಎಲ್ಲಾ ಯಾಕ ಹೇರ್ತೀರಿ? ಅದನ್ನೇನ ಲಗೇಜ್ ಗಾಡಿ ಅಂತ ತಿಳದೀರೇನ?"

ಬಾಯಲ್ಲಿ ಲಗೇಜು ಬಂದದ್ದು ಸುಮ್ಮನೆ ಅಲ್ಲ. ಮಾಮ ರಿಟಾಯರ್ ಆಗುವ ತನಕ ಬಸ್ ಕಂಡಕ್ಟರ್. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ಕಡೆಯ ಯಾವ ದಾರಿಯಲ್ಲಿ ಇವನ ಕವಿತೆ ಕೇಳದ ಪ್ರಯಾಣಿಕ ಉಳಿದಿದ್ದಾನೆ? ಟಿಕೀಟು ಹರಿದು ಕೊಟ್ಟು ಎರಡು ಸಾಲು, ಚಿಲ್ಲರೆ ಕೊಟ್ಟು ಎರಡು ಸಾಲು. ಚಿಲ್ಲರೆ ಇಲ್ಲದಿದ್ದರೆ ಪೂರ್ತಿ ಕವಿತೆ!

ಅಂದಮೇಲೆ ಹಕ್ಕಿಗಳ ವಿಷಯದಲ್ಲಿ ಈತ ದೊಡ್ಡ ಪಂಡಿತನಿರಬೇಕು ಅಂತೀರಾ? ಅಯ್ಯೋ ಶಿವನೇ! ಒಮ್ಮೆ ಹರ್ತಿಯ ಹತ್ತಿರ "ಹೋಲ್ಡಾನ್!" ಎಂದು ಒದರಿ ತುಂಬಿದ ಗಾಡಿಯನ್ನು ನಿಲ್ಲಿಸಿಬಿಟ್ಟನಂತೆ. ದೂರದ ಜಾಲಿಗಿಡದ ಕಡೆ ಕೈ ಮಾಡಿ, "ನೋಡ್ರಿ, ಎಲ್ಲಾರೂ ನೋಡ್ರಿ! ಬೆಳ್ಳಕ್ಕಿ! ಹೆಂಗ ರೆಕ್ಕಿ ಬಡೀತೈತಿ ನೋಡ್ರಿ!" ಎಂದ. ಮಂದಿಯೆಲ್ಲ ಕಿಟಕಿಗೆ ಮುಗಿಬಿದ್ದರು. ಕೊನೆಗೆ ಹಿಂದಿನ ಸೀಟಿನ ಮುದುಕಿಯೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಎಪ್ಪಾ ಕಂಡಕ್ಟರಾ, ಅದು ಹಾರೂದಿಲ್ಲೋ. ಅದಕ್ಕ ಹಿಡಿಕಿ ಐತಿ," ಅಂದಳಂತೆ. ಸಂತೆಯ ಪ್ಲಾಸ್ಟಿಕ್ ಚೀಲ!

ಈ ಕತೆಯನ್ನು ನನಗೆ ಹೇಳಿದವಳು ಅತ್ತಿ, ಮಾಮನ ಹೆಂಡತಿ. ಹೇಳುವಾಗೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುವಳು. "ಇವ್ರಿಗೆ ಗುಬ್ಬೀಗೂ ಗೊರವಂಕಕ್ಕೂ ಫರಕ ಗೊತ್ತಿಲ್ಲ. ಲಗ್ನಾದ ವಾರದಾಗ ಈ ಕವಿತಾ ಹೇಳಿದ್ರು ನನಗ. ಹಕ್ಕಿ ಹಾರಿ ಹೋತು, ಮುಂದ? ಅಂತ ಕೇಳಿದೆ. ಮುಂದೇನ, ಮರುದಿನಾ ಮತ್ತ ಬರ್ತೈತಿ ಅಂದ್ರು. ಅದು ಕವಿತಾದಾಗ ಇಲ್ಲಲ್ಲರೀ ಅಂದೆ. ಆವತ್ತು ಸಿಟ್ಟಿಲೆ ಊಟ ಮಾಡಲಿಲ್ಲ ನೋಡು!"

ಬಸ್ಸಿನ ಮಂದಿ ಹೇಗೋ ಇಳಿದು ಪಾರಾದರು. ನಾನು ಎಲ್ಲಿ ಇಳಿಯಲಿ? ಅತ್ತಿ ಕಟ್ಟಿಕೊಟ್ಟ ಗುರೆಳ್ಳು ಚಟ್ನಿಯ ಡಬ್ಬಿ ಹಿಡಿದು ಒಂದು ದಿನ ಮಾಮ ಸೀದಾ ನನ್ನ ಕ್ಲಾಸಿಗೇ ಬಂದ. ನನ್ನ ಹಣೆಬರಹ, ಅಂದು ಅದೇ ಪಾಠ! "ಹಕ್ಕಿ ಎಂದರೆ ಜೀವಾತ್ಮ" ಎಂದು ಬೋರ್ಡಿನ ಮೇಲೆ ಬರೆದು ತಿರುಗುತ್ತೇನೆ, ಹಿಂದಿನ ಬೆಂಚಿನಲ್ಲಿ ಎದ್ದು ನಿಂತಿದ್ದಾನೆ.

"ಬಾಯಾರ, ಆ ಹಕ್ಕಿ ಬಂದು ನಿಮಗ ಹಂಗಂತ ಹೇಳೈತೇನ್ರಿ?"

ಮಕ್ಕಳು ಹೋ ಎಂದು ನಕ್ಕರು. ಮಾಮನಿಗೆ ಇನ್ನೇನು ಬೇಕು? ಅರ್ಧ ತಾಸು ಭಾಷಣ! ಪರಿಣಾಮ? ಪರೀಕ್ಷೆಯಲ್ಲಿ ಅರ್ಧ ಕ್ಲಾಸು 'ಹಕ್ಕಿ ಎಂದರೆ ಹಕ್ಕಿ' ಎಂದು ಬರೆದಿತ್ತು. ಹೆಡ್ ಮಾಸ್ತರರು ನನ್ನನ್ನು ಕರೆಸಿ ಪೇಪರು ಮುಂದೆ ಹಿಡಿದರು. "ಇದಕ್ಕ ಸೊನ್ನಿ ಕೊಡೂಣು ಅಂದ್ರ ಉತ್ತರ ತಪ್ಪೂ ಅಲ್ಲಲ್ರೀ ಬಾಯಾರ!"

ನಾನು ಮನೆಗೆ ಬಂದು ಕಣ್ಣೀರು ಹಾಕಿದೆ. ಯಾವ ಜನ್ಮದ ಪಾಪಕ್ಕೆ ಈ ಮಾಮ ಎಂದು ಅವ್ವನ ಮುಂದೆ ಗೋಳಾಡಿದೆ. ಅವ್ವ ತಣ್ಣಗೆ, "ನೀ ಬ್ಯಾರೆ ಪದ್ಯಾ ಕಲಸು," ಅಂದಳು.

ಆಮೇಲೆ ಅತ್ತಿಯ ಏದುಸಿರು ಶುರುವಾಯಿತು. ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುವಳು. ಹುಬ್ಬಳ್ಳಿಯ ಡಾಕ್ಟರು ಹೃದಯ ಪೂರ್ತಿ ಸೋತಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದುಬಿಟ್ಟರು. ಮಾಮ ಆ ಮಾತನ್ನು ಕೇಳಿಸಿಕೊಂಡನೋ ಇಲ್ಲವೋ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಕವಿತೆ ಹೇಳುತ್ತಲೇ ಬಂದ. ಇವನಿಗೆ ಎದೆ ಅನ್ನುವುದು ಇದೆಯೇ ಎಂದು ನನಗೆ ಆವತ್ತು ಅನ್ನಿಸಿತು.

ಅದೇ ಹೊತ್ತಿನಲ್ಲಿ ಕುರ್ತಕೋಟಿಯ ನಮ್ಮ ಬಳಗದಲ್ಲಿ ಒಬ್ಬ ಅಜ್ಜ ತೀರಿಕೊಂಡ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಂದೆ ಭಜನೆ ನಡೆದಿತ್ತು. ಹಾಡುವ ಹಿರಿಯರು ತಾಳ ನಿಲ್ಲಿಸಿ, "ನೋಡ್ರಿಪಾ, ಈ ದೇಹ ಅನ್ನೂದು ಗೂಡು, ಜೀವ ಅನ್ನೂದು ಹಕ್ಕಿ..." ಎಂದು ವಿವರಿಸಲು ಹೊರಟರು. ನಾನು ಪಕ್ಕದಲ್ಲಿದ್ದ ಮಾಮನ ಅಂಗಿ ಹಿಡಿಯಲು ಹೋದೆ. ಅಷ್ಟರಲ್ಲಿ ಎದ್ದೇಬಿಟ್ಟ!

"ಹಕ್ಕೀನ್ಯಾಕ ಸತ್ತೋರ ಮನಿಗೆ ಎಳಕೊಂಡ ಬರ್ತೀರಿ? ಅದು ಹಕ್ಕಿರೀ! ಸಂಜಿಗೆ ಹೋಗ್ತೈತಿ, ಮುಂಜಾನೆ ಬರ್ತೈತಿ. ನಿಮ್ಮ ಅಜ್ಜ ಮುಂಜಾನೆ ಬರ್ತಾನೇನ?"

ಗಂಡನ ಮುಂದೆ ಕೂತು ಅಳುತ್ತಿದ್ದ ಅಜ್ಜಿ ಅಳು ನಿಲ್ಲಿಸಿ, "ಯಾರ ಮಗಾ ಇವಾ?" ಎಂದು ಪಕ್ಕದವಳನ್ನು ಕೇಳಿದಳು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಆ ಮೇಲೆ ಸುತ್ತಿನ ಊರುಗಳಲ್ಲಿ ಭಜನೆಯವರು ತಾಳ ಎತ್ತುವ ಮೊದಲು, "ಆ ಕಂಡಕ್ಟರ್ ಸಾಹೇಬ್ರು ಬಂದಾರೇನ್ರಿ?" ಎಂದು ಕೇಳುತ್ತಾರೆಂದು ಸುದ್ದಿ.

ಮಾಮನ ಊರು ಮುಂಡರಗಿಗೆ ಹೋಗಿ ಅತ್ತಿಯ ಮುಂದೆ ಎಲ್ಲ ಹೇಳಿ ಕೂಗಾಡಿದೆ. ಅತ್ತಿ ಈ ಸಲ ನಗಲಿಲ್ಲ. "ಅವರಿಗೇನೂ ಅನ್ನಬ್ಯಾಡವಾ," ಅಂದಳು. ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. "ಹಕ್ಕಿ ಹಕ್ಕೀನ ಆಗಿದ್ರ ತಿರುಗಿ ಬರ್ತೈತಿ. ಆತ್ಮಾ ಗೀತ್ಮಾ ಆದ್ರ ಹೋದದ್ದು ಹೋದಂಗ. ಡಾಕ್ಟರ್ ಹೇಳಿದ್ದು ಅವರೂ ಕೇಳ್ಯಾರ. ಪಾಪ, ಹೆದರ್ಯಾರ."

ನನ್ನ ಕೂಗಾಟ ಅಲ್ಲಿಗೇ ನಿಂತಿತು.

ಮರುವಾರ ಮಾಮ ನಮ್ಮಿಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಸಿಂಗಟಾಲೂರಿಗೆ ಹೋದ. ಕವಿತೆಯ ಹೊಳೆ ಇದೇ ತುಂಗಭದ್ರೆ ಎಂಬುದು ಅವನ ಹಟ. ದಂಡೆಯ ಮೇಲೆ ಅತ್ತಿಯನ್ನು ಕಂಬಳಿ ಹಾಸಿ ಕೂರಿಸಿದ. ಆಚೆ ದಡದಿಂದ ಎಂಥದೋ ಒಂದು ಕರಿ ಹಕ್ಕಿ ಹಾರಿ ಬಂತು.

"ಬಂತು ನೋಡು! ನಿನ್ನೆ ಹೋದದ್ದ ಅದು!"

"ಅದ ಅಂತ ಹೆಂಗ ಗೊತ್ತರೀ?" ಅತ್ತಿ ಕೇಳಿದಳು.

"ಮುಖಾ ನೋಡಿದ್ರ ಗೊತ್ತಾಗೂದಿಲ್ಲೇನ?"

ಅದು ಕಾಗೆ. ಮೂವರಿಗೂ ಗೊತ್ತಿತ್ತು. ಅತ್ತಿ ಹೌದು ಹೌದು ಎಂದು ತಲೆಯಾಡಿಸಿದಳು, ನಾನೂ ಆಡಿಸಿದೆ.

ಜೋಳದ ಸುಗ್ಗಿ ಮುಗಿದ ಮೇಲೆ, ಒಂದು ಮುಂಜಾನೆ ಚಹಾದ ಕಪ್ಪು ಕೆಳಗಿಟ್ಟ ಅತ್ತಿ ಹಾಗೇ ಗೋಡೆಗೆ ಒರಗಿದವಳು ಏಳಲಿಲ್ಲ.

ನಾನು ಮುಂಡರಗಿ ಮುಟ್ಟುವಷ್ಟರಲ್ಲಿ ಭಜನೆಯವರು ಬಂದಿದ್ದರು. ಪಾಪ, ಅವರ ಫಜೀತಿ ನೋಡಬೇಕಿತ್ತು! ಮಾಮನ ಮುಖ ನೋಡುತ್ತ ಗಣಪತಿಯ ಪದ ಹಾಡಿದರು, ಗುರುವಿನ ಪದ ಹಾಡಿದರು, ಮತ್ತೆ ಗಣಪತಿಯದನ್ನೇ ಹಾಡಿದರು. ಗಿಳಿ, ಹಂಸ, ಕೋಗಿಲೆ ಯಾವುದನ್ನೂ ಬಾಯಿಗೆ ತರಲಿಲ್ಲ. ಮಾಮ ಅತ್ತಿಯ ಪಕ್ಕದಲ್ಲಿ ಕೂತು ಅವಳ ಕೊರಳ ಹೂವಿನ ಮಾಲೆ ನೆಟ್ಟಗೆ ಮಾಡುತ್ತಿದ್ದ. ಅದು ನೆಟ್ಟಗೇ ಇತ್ತು.

ನನ್ನನ್ನು ನೋಡಿ ಕೈಸನ್ನೆ ಮಾಡಿ ಕರೆದ. "ಬಾ, ಇಲ್ಲೆ ಕುಂಡ್ರು. ಅದರ ಅರ್ಥ ಹೇಳು."

"ಯಾವುದರದು ಮಾಮಾ?"

"ಆ ಕವಿತಾದ್ದು. ಸಾಲ್ಯಾಗ ಹೆಂಗ ಹೇಳ್ತಿ, ಹಂಗ ಹೇಳು. ಏನೂ ಬಿಡಬ್ಯಾಡ."

ವರ್ಷ ವರ್ಷವೂ ಸೀಮೆಸುಣ್ಣ ಹಿಡಿದು ಒದರಿದ ಮಾತು ಬಾಯಿಗೆ ಬರಲೊಲ್ಲದು. ಹೇಗೋ ಹೇಳಿದೆ. ಹಕ್ಕಿ ಅಂದರೆ ಜೀವಾತ್ಮ. ಮಾಮ ತಲೆಯಾಡಿಸಿದ, ಜಗಳ ಮಾಡಲಿಲ್ಲ. ಜಗಳ ಮಾಡೋ ಮಾಮಾ, ಒಮ್ಮೆ ಎದ್ದು ನಿಂತು ಬೈಯೋ ಎಂದು ನನ್ನ ಜೀವ ಒದ್ದಾಡಿತು. ಹೊಳೆ ಅಂದರೆ ಸಂಸಾರ ಎಂದೆ. ಆಚೆ ದಡ ಅಂದರೆ ಮೋಕ್ಷ, ಅಲ್ಲಿ ಉಸಿರು ಕಟ್ಟುವುದಿಲ್ಲ ಎಂದೆ. ಆ ಕೊನೆಯದು ಗೈಡಿನಲ್ಲಿಲ್ಲ, ನಾನೇ ಸೇರಿಸಿದ್ದು.

"ಆತು," ಅಂದ. "ಹಕ್ಕೀದು ತಿಳೀತು. ಹೊಳೀದೂ ತಿಳೀತು. ಹೊಲ ಅಂದ್ರ ಏನವಾ?"

ನಾನು ಬಾಯಿ ತೆರೆದೆ. ಯಾವ ಗೈಡಿನಲ್ಲೂ ಹೊಲಕ್ಕೆ ಅರ್ಥ ಕೊಟ್ಟಿರಲಿಲ್ಲ. ನಾನೂ ಒಂದು ದಿನವಾದರೂ ಅದರ ಬಗ್ಗೆ ಯೋಚಿಸಿದವಳಲ್ಲ. ಮಾಮ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದ. ನನಗೆ ತಡೆಯಲಾಗಲಿಲ್ಲ, ಅವನ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಮಾಮ ನನ್ನ ತಲೆ ಸವರಿದ.

"ಇರ್ಲಿ ಬಿಡವಾ," ಅಂದ. "ಅದು ಪರೀಕ್ಷಾಕ್ಕ ಬಂದಿರಾಕಿಲ್ಲ."