ನಮ್ಮ ಮಾವನ ದೋಸೆ ಪ್ರಯೋಗ

ನಮ್ಮ ಸೋದರಮಾವನಿಗೆ ದೇವರ ಮೇಲೂ ಅನುಮಾನ. ಅದಕ್ಕಿಂತ ಹೆಚ್ಚಿನ ಅನುಮಾನ ರಸಾಯನಶಾಸ್ತ್ರದ ಸಮೀಕರಣಗಳ ಮೇಲೆ! ಜೀವನವಿಡೀ ಅದನ್ನೇ ಪಾಠ ಹೇಳಿ ನಿವೃತ್ತರಾದವರು. "ಕ್ರಿಯೆ ಎಷ್ಟು ಬೇಗ ನಡೆಯುತ್ತೆ ಅಂತ ಸಮೀಕರಣ ನೋಡಿ ಹೇಳಕ್ಕಾಗಲ್ಲ ಕಣೇ. ಅಳೆದೇ ನೋಡ್ಬೇಕು," ಎನ್ನುತ್ತ ಕಗ್ಗದಾಸಪುರದ ನಮ್ಮ ಮನೆಯ ಟೆರೇಸಿನಲ್ಲಿ ಅಮೃತಶಿಲೆಯ ಚೂರಿಗೆ ಆಮ್ಲ ಸುರಿದು, ಗುಳ್ಳೆಗಳ ಮುಂದೆ ಸ್ಟಾಪ್‌ವಾಚ್ ಹಿಡಿದು ಕೂರುತ್ತಾರೆ.

ಅವರ ನಿಯಮ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಉಳಿದದ್ದೆಲ್ಲ ಇದ್ದಂತೆಯೇ ಇರಬೇಕು. ಎರಡರಷ್ಟು ಹಾಕಿದಾಗ ವೇಗವೂ ಎರಡರಷ್ಟಾದರೆ ವೇಗದ ಲೆಕ್ಕದಲ್ಲಿ ಆ ವಸ್ತುವಿನ ಘಾತ ಒಂದು. ಎಷ್ಟು ಹಾಕಿದರೂ ವೇಗ ಅಲುಗಾಡದಿದ್ದರೆ ಘಾತ ಸೊನ್ನೆ, ಅಂದರೆ ಅದು ಲೆಕ್ಕಕ್ಕೇ ಇಲ್ಲ!

ಸಾರು ಕೆಟ್ಟರೂ ವಿಚಾರಣೆ. "ಉಪ್ಪು, ಹುಳಿ ಎರಡನ್ನೂ ಒಟ್ಟಿಗೆ ಹೆಚ್ಚು ಮಾಡಿದ್ಯಾ? ತಪ್ಪು ಯಾವುದರದ್ದು ಅಂತ ಹೇಗೆ ಗೊತ್ತಾಗುತ್ತೆ?"

"ಸುಮ್ನೆ ಊಟ ಮಾಡಣ್ಣ," ಎನ್ನುತ್ತಾಳೆ ಅಮ್ಮ.

ಇಂಥವರ ಮುಂದೆ ನಾನು ಮೆಚ್ಚಿದ ಹಲಸೂರಿನ ಹುಡುಗನನ್ನು ತಂದು ನಿಲ್ಲಿಸಿದೆ. ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ಮಾವನದೇ ಕೊನೆಯ ಮಾತು. ಅವರು ಬೇಡವೆಂದರೆ ಮದುವೆ ಇಲ್ಲ. ಹುಡುಗ ಅಮ್ಮನ ದೋಸೆಯನ್ನು ಬಾಯಿ ಚಪ್ಪರಿಸಿ ತಿಂದದ್ದೇ ತಪ್ಪಾಯಿತು!

"ಇವನು ಬರೋದು ನಿನಗೋಸ್ಕರಾನೋ, ದೋಸೆಗೋಸ್ಕರಾನೋ?"

ಪ್ರಯೋಗ ಶುರುವಾಯಿತು. ದಾರಿಯಲ್ಲಿ ಸಿಗುವ ಹೊಸ ತಿಪ್ಪಸಂದ್ರದ ಟ್ರಾಫಿಕ್ ಬದಲಾಗಬಾರದೆಂದು ಪ್ರತಿ ಭಾನುವಾರ ಬೆಳಗ್ಗೆ ಅದೇ ಹೊತ್ತಿಗೆ ಮಾವನ ಫೋನು, ಇಟ್ಟೊಡನೆ ಸ್ಟಾಪ್‌ವಾಚ್. ಮೊದಲ ವಾರ, "ದೋಸೆ ಇದೆ, ಬಾ." ಮರುವಾರ, "ಡಬಲ್ ದೋಸೆ ಇದೆ, ಬಾ." ಅಮ್ಮ ಬೆಣ್ಣೆ ಹಾಕಲು ಹೋದಳು. "ಬೆಣ್ಣೆ ಹಾಕ್ಬೇಡ! ಎರಡು ಬದಲಾಗುತ್ತೆ!" ಎಂದು ಮಾವ ಕೂಗಿದರು. ಹುಡುಗ ಎರಡು ಸಲವೂ ಅಷ್ಟೇ ಹೊತ್ತಿನಲ್ಲಿ ಬಂದ. ದೋಸೆಯ ಘಾತ ಸೊನ್ನೆ!

ಮೂರನೆಯ ವಾರ, "ದೋಸೆ ಇದೆ. ಇವಳಿಗೆ ಜ್ವರ." ಅರ್ಧ ಹೊತ್ತಿನಲ್ಲೇ ಹುಡುಗ ಹೆಲ್ಮೆಟ್ ಸಮೇತ ಒಳಗೆ ಬಂದ. ನಾನು ದೋಸೆ ತಿನ್ನುತ್ತಿದ್ದೆ. ಗೆದ್ದೆ ಅಂದುಕೊಂಡೆ.

ಮಾವನ ಅನುಮಾನ ಅಷ್ಟು ಸುಲಭವೇ? "ಜ್ವರ ಅಂದಿದ್ದಕ್ಕೇ ಓಡಿಬಂದನೇನೋ! ಜ್ವರ ಇಟ್ಟು, ನಿನ್ನ ತೆಗೆದು ನೋಡ್ಬೇಕು."

ನಾಲ್ಕನೆಯ ವಾರ, "ನನಗೆ ಜ್ವರ ಕಣಯ್ಯ. ಮನೇಲಿ ಯಾರೂ ಇಲ್ಲ." ಈ ಸಲ ಅವನು ತಡವಾಗಿ ಬಂದರೆ, ಇಷ್ಟು ದಿನ ಬಂದದ್ದು ನನಗಾಗಿಯೇ ಎಂದು ಸಾಬೀತು. ನಾನೂ ಅಮ್ಮನೂ ಅಡುಗೆಮನೆಯಲ್ಲಿ ಅಡಗಿದೆವು.

ಅವನು ಹಿಂದಿನ ವಾರಕ್ಕಿಂತಲೂ ಬೇಗ ಬಂದುಬಿಟ್ಟ! ಕೈಯಲ್ಲಿ ಎಳನೀರು, ಮಾತ್ರೆ. ಬಂದವನೇ ಮಾವನ ಹಣೆ ಮುಟ್ಟಿದ. "ಒಬ್ರೇ ಇದ್ರಾ ಅಂಕಲ್? ನಡೀರಿ, ಡಾಕ್ಟ್ರ ಹತ್ರ ಹೋಗೋಣ. ಗಾಡಿ ಹತ್ತಕ್ಕಾಗುತ್ತಾ, ಆಟೋ ಕರೀಲಾ?"

ಮಾವನ ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ನಿಲ್ಲಿಸುವುದು ಮರೆತೇ ಹೋಗಿತ್ತು.

"ಈ ಲೆಕ್ಕದಲ್ಲಿ ನನ್ನ ಘಾತ ಸೊನ್ನೆ ಅಂದ್ಕೊಂಡಿದ್ದೆ ಕಣಯ್ಯ," ಎಂದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಮಾವ ಅಡುಗೆಮನೆಯ ಕಡೆ ತಿರುಗಿ ಅಮ್ಮನನ್ನು ಕೂಗಿದರು. "ದೋಸೆ ಹಾಕು ಇವನಿಗೆ. ಬೆಣ್ಣೆನೂ ಹಾಕು."