ಬೇವಿನ ಮರದ ಕೆಳಗೆ ಒಂದು ಜಾಗ

ಹಂದನಕೆರೆಯಿಂದ ತಿಪಟೂರಿಗೆ ಪ್ರೈವೇಟ್ ಬಸ್ಸು ಓಡಿಸೋನು ನಾನು. ಸ್ಟೇರಿಂಗ್ ಹಿಡಿದು ಕೂತವನಿಗೆ ಟಾಕೀಸಿಗೆ ಹೋಗೋ ಅಗತ್ಯವೇ ಇಲ್ಲ, ಎದುರುಗಡೆ ಗಾಜಿನಲ್ಲಿ ದಿನಾ ಒಂದಲ್ಲ ಒಂದು ತಮಾಷೆ ನಡೀತಾನೇ ಇರುತ್ತೆ. ಆದರೆ ಈ ವರ್ಷ ನಗೋಕೂ ಮನಸ್ಸು ಬರ್ತಿರಲಿಲ್ಲ. ಮನೆಮನೆಗೂ ಗಾಡಿ ಬಂದು ಬಸ್ಸು ಬಿಕೋ ಅಂತಿತ್ತು. ಓನರು ಕಡ್ಡಿ ಮುರಿದ ಹಾಗೆ ಹೇಳಿದ್ರು: "ಸಂಕ್ರಾಂತಿವರೆಗೂ ನೋಡ್ತೀನಿ. ಜನ ಬರ್ಲಿಲ್ಲ ಅಂದ್ರೆ ಮಾರಿಬುಡ್ತೀನಿ ಕಣಪ್ಪ."

ಹೆಲ್ಮೆಟ್ಟು

ಮೊದಲು ಕೈಬಿಟ್ಟೋರು ಮುಂದಿನ ಸೀಟಿನ ಯಜಮಾನರು. ವರ್ಷಗಟ್ಟಲೆ ನನ್ನ ಬೆನ್ನ ಹಿಂದೆ ಕೂತು "ನಿಧಾನ, ನಿಧಾನ" ಅಂತ ಡ್ರೈವಿಂಗ್ ಹೇಳಿಕೊಟ್ಟೋರು. ಸ್ಕೂಟರ್ ತಗೊಂಡಿದ್ದೇ ತಡ, ಬರೀ ತಲೆಯಲ್ಲಿ ಭರ್ರಂತ ಬಸ್ಸನ್ನೇ ಓವರ್‌ಟೇಕ್ ಮಾಡಿದ್ರು. ಮಾರನೇ ದಿನ ನೋಡ್ತೀನಿ, ರಸ್ತೆ ಪಕ್ಕದ ತೆಂಗಿನ ತೋಟದಲ್ಲಿ ಹೆಲ್ಮೆಟ್ ಹಾಕ್ಕೊಂಡು ಗರಿ ಆಯ್ತಾ ಅವ್ರೆ!

ಬಸ್ಸು ನಿಲ್ಲಿಸೇ ಕೇಳಿದೆ, "ಏನ್ ಯಜಮಾನ್ರೇ, ಅದು ರೋಡಲ್ಲಿ ಹಾಕೋದಲ್ವಾ?"

"ರೋಡಲ್ಲಿ ತಲೆ ಮೇಲೆ ಕಾಯಿ ಬೀಳುತ್ತೇನ್ಲಾ?" ಅಂದ್ರು.

ಹುರುಳಿ

ರಸ್ತೆ ಅಗಲ ಮಾಡಿದ್ರು. ಇನ್ನು ಆರಾಮ ಅಂದ್ಕೊಂಡೆ. ಎಲ್ಲಿ! ಸುಗ್ಗಿ ಬಂತು, ಅಗಲ ಮಾಡಿದ್ದಷ್ಟಕ್ಕೂ ಹುರುಳಿ ಗಿಡ ಹರಡಿದ್ರು. ಚಕ್ರ ಹರಿದ್ರೆ ಕಾಳು ಉದುರುತ್ತೆ, ಒಕ್ಕಣೆ ಮುಗೀತು. ಪೊಂ ಪೊಂ ಅಂತ ಹಾರನ್ ಬಾರಿಸಿ, ಬೈಯೋಕೆ ತಲೆ ಹೊರಗೆ ಹಾಕಿದೆ. ಪೊರಕೆ ಹಿಡಿದು ನಿಂತಿದ್ದ ಅಜ್ಜಿ ನನಗಿಂತ ಮೊದಲೇ ಶುರು ಹಚ್ಚಿಕೊಂಡಿತು.

"ಯಾಕ್ಲಾ ಹಂಗೆ ಬಡ್ಕೋತೀಯ? ಹರಿಸ್ಕೊಂಡು ಹೋಗು. ಈ ಕಾರ್‌ಗಳು ಎಷ್ಟ್ ಬಂದ್ರೂ ಪಕ್ಕಕ್ಕೆ ಸರ್ಕೊಂಡು ಹೋಯ್ತವೆ. ನಿನ್ ಬಸ್ಸು ನಿಂತೋಯ್ತದಂತೆ, ದಿಟವಾ?"

"ಹೂಂ ಅಜ್ಜಿ" ಅಂದೆ. ನಮ್ಮ ಬಸ್ಸಿಗೆ ಮರುಗೋ ಜೀವ ಒಂದಾದರೂ ಇದೆಯಲ್ಲ ಅನ್ನಿಸಿತು.

"ಹಂಗಾರೆ ಇವತ್ತೇ ಒಂದ್ಸಲ ರಿವರ್ಸ್ ಬಂದು ಹೋಗಪ್ಪ. ಆಚೆ ಸಾಲು ಹಂಗೇ ಐತೆ."

ಜಾಗ

ನಮ್ಮೂರ ತೆಂಗು ಬೆಳೆಗಾರರೊಬ್ಬರು ಬಿಳಿ ಕಾರು ತಗೊಂಡಿದ್ರು. ಬಸ್ಸು ದಾಟುವಾಗಲೆಲ್ಲ ಗಾಜು ಇಳಿಸಿ, "ಬತ್ತೀಯೇನ್ಲಾ, ಡ್ರಾಪ್ ಕೊಡ್ತೀನಿ" ಅಂತ ರೇಗಿಸೋರು. ನನಗೆ ಮೈಯೆಲ್ಲ ಉರಿಯೋದು.

ಸಂಕ್ರಾಂತಿ ಹತ್ತಿರ ಬಂತು. ಒಂದು ಬೆಳಿಗ್ಗೆ ಅವರೇ ಬಸ್ಸಿಗೆ ಕೈ ಅಡ್ಡ ಹಾಕಿದ್ರು.

"ಕಾರು ಕೆಟ್ಟೋಯ್ತಾ?" ಅಂತ ಕೇಳಿದೆ. ಖುಷಿ ಮುಚ್ಚಿಡೋಕಾಗಲಿಲ್ಲ.

"ಬುಡ್ತು ಅನ್ನು! ತಿಪಟೂರಲ್ಲಿ ಐತೆ. ಕೊಬ್ಬರಿ ಮಾರ್ಕೆಟ್ಟಿನ ದಿನ ಊರೆಲ್ಲ ಸುತ್ತಿ ಸುತ್ತಿ, ಬಸ್‌ಸ್ಟ್ಯಾಂಡ್ ಪಕ್ಕ ಬೇವಿನ ಮರದ ನೆರಳಲ್ಲಿ ಒಂದ್ ಜಾಗ ಸಿಕ್ತು. ಚಿನ್ನದಂಥ ಜಾಗ ಕಣ್ಲಾ! ತೆಗೆದ್ರೆ ಇನ್ನೊಬ್ಬ ನುಗ್ಗಿಬುಡ್ತಾನೆ. ಅದ್ಕೇ ಅಲ್ಲೇ ಬುಟ್ಟಿವ್ನಿ. ದಿನಾ ಬಸ್ಸಲ್ಲಿ ಹೋಗಿ ಒರೆಸಿ ಬತ್ತೀನಿ."

ಮಾತು ಹಬ್ಬಿತು. ಕಾರಿನೋರೆಲ್ಲ ಒಬ್ಬೊಬ್ಬರಾಗಿ ತಿಪಟೂರಲ್ಲಿ ಜಾಗ ಹಿಡಿದು, ಬೆರಳಲ್ಲಿ ಕೀ ತಿರುಗಿಸ್ತಾ ಬಸ್ಸು ಹತ್ತಿದ್ರು. ಜಾಗ ಸಿಗದೋರು ಕಾರನ್ನ ಮನೆಯಲ್ಲೇ ಬಿಟ್ಟು ಹತ್ತಿದ್ರು.

ಸಂಕ್ರಾಂತಿ ಕಳೀತು. ಬಸ್ಸಿನ ಹಣೆಬರಹ ಹೇಳೋಕೆ ಓನರು ತಿಪಟೂರು ಸ್ಟ್ಯಾಂಡಿಗೆ ಬರಬೇಕಿತ್ತು. ದೇವ್ರೇ ಅಂತ ಹೊರಟೆ. ದಾರಿಯಲ್ಲಿ ಬಾಗಿಲಿಗೆ ಜೋತುಬಿದ್ದು ಹತ್ತಿದೋರನ್ನ ನೋಡಿದ್ರೆ, ಓನರೇ!

"ಕಾರು ತರ್ಲಿಲ್ವಾ ಸಾರ್?"

"ತಂದು ಎಲ್ಲಿ ನಿಲ್ಲಿಸ್ಲಿ, ತಲೆ ಮೇಲಾ? ಮೊದ್ಲು ಸೀಟು ಕೊಡ್ಸಯ್ಯ."

ಕಂಡಕ್ಟರ್ ಕೈ ಮುಗಿದ. "ಒಂದೂ ಇಲ್ಲ ಸಾರ್. ಎಲ್ಲಾ ಕಾರಿನೋರು ಕೂತವ್ರೆ."

ತಿಪಟೂರಿನವರೆಗೂ ನಿಂತೇ ಬಂದ ಓನರು ಇಳಿದು, ಬಸ್ಸಿನ ಮೈ ಸವರಿ, "ಮಾರೋ ಮಾತು ಬುಡು. ಇನ್ನೊಂದು ಬಸ್ಸು ಬಿಡಾಣ" ಅಂದ್ರು. ನನಗೆ ಕಣ್ಣಲ್ಲಿ ನೀರೇ ಬಂತು.

"ಬಿಡಾಣ ಸಾರ್. ಆದ್ರೆ ಅದನ್ನ ನಿಲ್ಸೋಕೆ ಜಾಗ?"

ಓನರು ಬೇವಿನ ಮರದ ಕಡೆ ತಿರುಗಿ ನೋಡಿದ್ರು. ಅಲ್ಲಿ ಕಾರು ಒರೆಸ್ತಿದ್ದ ನಮ್ಮ ಬೆಳೆಗಾರರು ಬಟ್ಟೆ ಬಿಸಾಕಿ, ಒಳಗೆ ಕೂತು ಬಾಗಿಲು ಹಾಕ್ಕೊಂಡ್ರು.