ಕಂಪ್ಯೂಟರ್ ಇಲ್ಲದ ಕಂಪ್ಯೂಟರ್ ಕ್ಲಾಸು

ನಾನು ಕಾಲಿಟ್ಟ ಕಡೆಯಲ್ಲೆಲ್ಲ ಗಂಭೀರವಾದ ಕೆಲಸವೊಂದು ವಾರದೊಳಗೆ ನಗೆಪಾಟಲಾಗುತ್ತದೆ. ನೈರೋಬಿಯಲ್ಲಿ ಆಯಿತು, ಲಂಡನ್ನಿನಲ್ಲಿ ಆಯಿತು. ಎಪ್ಪತ್ತರ ದಶಕದಲ್ಲಿ ಕೊಚ್ಚಿಗೆ ಬಂದಾಗ ಮಾತ್ರ ವಾರವೂ ಬೇಕಾಗಲಿಲ್ಲ.

ಎರಡು ವರ್ಷಕ್ಕಿಂತ ಹೆಚ್ಚು ಒಂದೂರಲ್ಲಿ ನಿಲ್ಲದ ನನ್ನನ್ನು ಅಲ್ಲಿನ ಕಾಲೇಜೊಂದು ಕರೆಸಿಕೊಂಡಿತ್ತು, ಕಾಮರ್ಸ್ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಅಂದರೇನು ಎಂದು ಹೇಳಿಕೊಡಲು. ಹದಿನಾಲ್ಕು ವಿದ್ಯಾರ್ಥಿಗಳು, ಒಂದು ಕರಿಹಲಗೆ, ಎರಡು ಫ್ಯಾನು. ಕಂಪ್ಯೂಟರ್ ಮಾತ್ರ ತಿರುವನಂತಪುರದಲ್ಲಿತ್ತು.

೧. ಮೊದಲಿಂದ ಶುರು ಮಾಡು

ಯಂತ್ರವಿಲ್ಲದ ಮೇಲೆ ಇನ್ನೇನು, ಮನುಷ್ಯರನ್ನೇ ಯಂತ್ರ ಮಾಡಿದೆ. ಒಬ್ಬಳು ನೋಟುಬುಕ್ಕು ಹಿಡಿದು ಕೂತರೆ ಅವಳು ಮೆಮೊರಿ. ಇನ್ನೊಬ್ಬ ಕೂಡಿಸಿ ಕಳೆಯುವವನು. ಮೂರನೆಯವನ ಕೆಲಸ, ಕಾರ್ಡಿನಲ್ಲಿ ಬರೆದದ್ದನ್ನು ಚಾಚೂ ತಪ್ಪದೆ ಮಾಡುವುದು. ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲ, ನೀನೂ ಉಪಯೋಗಿಸಬೇಡ ಅಂತ ಅವನಿಗೆ ಹೇಳಿದ್ದೆ.

ಅವನ ಕಾರ್ಡಿನಲ್ಲಿ ಬರೆದೆ: ಬಾಗಿಲ ತನಕ ಹೋಗು. ಬಾಗಿಲು ಮುಟ್ಟು. ವಾಪಸ್ ಬಾ. ಮೊದಲಿಂದ ಶುರು ಮಾಡು.

ಯಂತ್ರಕ್ಕೆ ಬೇಜಾರು ಅನ್ನುವುದೇ ಇಲ್ಲ ಅಂತ ತೋರಿಸುವುದು ನನ್ನ ಉದ್ದೇಶ. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಸ್ಟಾಫ್ ರೂಮಿಗೆ ಹೋಗಿ ಚಹಾ ಕುಡಿಯುತ್ತಾ ಕೂತೆ. ಮುಂದಿನ ಪೀರಿಯಡ್ಡಿಗೆ ಬಂದ ಆಡಿಟಿಂಗ್ ಮೇಷ್ಟ್ರು ನೋಡುತ್ತಾರೆ, ಹುಡುಗನೊಬ್ಬ ಅವರ ಪಕ್ಕದಲ್ಲೇ ಹಾದು ಬಾಗಿಲು ಮುಟ್ಟಿ ಬರುತ್ತಿದ್ದಾನೆ, ಮತ್ತೆ ಹೋಗುತ್ತಿದ್ದಾನೆ. ಉದ್ಧಟತನ ಅಂದುಕೊಂಡು ಪ್ರಿನ್ಸಿಪಾಲರ ಮುಂದೆ ನಿಲ್ಲಿಸಿದರು. ನನಗೂ ಬುಲಾವ್ ಬಂತು.

ಪ್ರಿನ್ಸಿಪಾಲರೂ ಕಾಮರ್ಸಿನವರೇ. ಕಾಗದದ ಮೇಲೆ ಕಾಣದ್ದನ್ನು ನಂಬುವವರಲ್ಲ. ಪರೀಕ್ಷೆಗೆ ಮೊದಲು ತಿರುವನಂತಪುರದ ಕಂಪ್ಯೂಟರಿನಿಂದ ಅಚ್ಚಾಗಿ ಬಂದ ಒಂದೇ ಒಂದು ಹಾಳೆ ತಂದು ತೋರಿಸಿ, ಇಲ್ಲದಿದ್ದರೆ ಈ ಕ್ಲಾಸು ಮುಚ್ಚುತ್ತೇನೆ ಎಂದರು. ನನಗೇನು, ಬೇರೆ ಊರಿಗೆ ಹೊರಡಬಹುದಿತ್ತು, ಬಟ್ಟೆಯ ಪೆಟ್ಟಿಗೆಯನ್ನೇ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಆದರೆ ಆ ಹದಿನಾಲ್ಕು ಮಕ್ಕಳ ಒಂದು ವರ್ಷ ನೀರಿಗೆ ಬೀಳುತ್ತಿತ್ತು. ತರುತ್ತೇನೆ ಅಂತ ಒಪ್ಪಿಕೊಂಡೆ.

ಆಮೇಲೆ ಅವರು ಹುಡುಗನಿಗೆ, ಹೋಗಿ ನಿನ್ನ ಜಾಗದಲ್ಲಿ ಕೂತುಕೋ ಎಂದರು. ಅವನು ನನ್ನ ಮುಖ ನೋಡಿದ.

"ಟೀಚರ್, ಅದಕ್ಕೊಂದು ಕಾರ್ಡು ಬರೆದುಕೊಡ್ತೀರಾ?"

೨. ಸಾಧಾರಣ

ಕಂಪ್ಯೂಟರಿನಿಂದ ಏನು ಕೇಳುವುದು? ಹಡಗು, ಕಾಳುಮೆಣಸು, ತೆಂಗಿನ ನಾರು ಅಂತ ನಾನು ದೊಡ್ಡ ದೊಡ್ಡ ವ್ಯಾಪಾರದ ಕನಸು ಕಾಣುತ್ತಿದ್ದೆ. ವಿದ್ಯಾರ್ಥಿಗಳ ಸಮಸ್ಯೆಯೇ ಬೇರೆ. ಸಂಜೆ ನಾಲ್ಕಕ್ಕೆ ಕ್ಯಾಂಟೀನಿಗೆ ಹೋದರೆ ಒಂದು ದಿನ ಪಳಂಪೊರಿ ಖಾಲಿ, ಇನ್ನೊಂದು ದಿನ ರಾಶಿ. ನೇಂದ್ರಬಾಳೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಆ ತಿಂಡಿ ಇಲ್ಲದೆ ಕೊಚ್ಚಿಯಲ್ಲಿ ಸಂಜೆ ಆಗುವುದಿಲ್ಲ. ಮೂವತ್ತು ದಿನದ ಅಂಕಿ ಕೊಟ್ಟು, ದಿನಕ್ಕೆ ಸರಾಸರಿ ಎಷ್ಟು ಕರಿಯಬೇಕು ಅಂತ ಕೇಳೋಣ ಎಂದು ತೀರ್ಮಾನವಾಯಿತು. ಮಾಹಿತಿ ಸರಿಯಿಲ್ಲದಿದ್ದರೆ ಉತ್ತರವೂ ಸರಿಯಿರದು ಎಂಬ ಪಾಠಕ್ಕೂ ಇದೇ ಸಾಕಿತ್ತು.

ಕ್ಯಾಂಟೀನ್ ನಡೆಸುವವರನ್ನು ಎಲ್ಲರೂ ಚೇಟ್ಟ, ಅಂದರೆ ಅಣ್ಣ, ಅನ್ನುತ್ತಿದ್ದರು. ಆ ಚೇಟ್ಟನಿಗೆ, ದಿನಾ ಎಷ್ಟು ಹೋಯಿತು ಅಂತ ಬರೆದಿಡಿ ಎಂದೆ. ವಾರ ಬಿಟ್ಟು ನೋಡಿದರೆ ಆರು ಸಾಲಿನಲ್ಲೂ ಒಂದೇ ಮಾತು: ಸಾಧಾರಣ.

ಸಾಧಾರಣ ಅಂದರೆ ಎಷ್ಟು ಅಂತ ಕೇಳಿದೆ. ನಿನ್ನೆ ಹೋದಷ್ಟು ಅಂದರು. ನಿನ್ನೆ ಎಷ್ಟು? ಮೊನ್ನೆಯಷ್ಟೇ. ಕಂಪ್ಯೂಟರಿಗೆ ಮಾತು ಅರ್ಥವಾಗುವುದಿಲ್ಲ, ಅಂಕಿಯೇ ಬೇಕು ಎಂದು ವಿವರಿಸಿದೆ. ಅವರಿಗೆ ನನ್ನ ಮೇಲಲ್ಲ, ಕಂಪ್ಯೂಟರಿನ ಮೇಲೆ ಕನಿಕರ ಹುಟ್ಟಿತು.

"ಪಾಪ, ಹೊಸದಲ್ಲವಾ ಟೀಚರೇ. ನಾಲ್ಕು ದಿನ ಕ್ಯಾಂಟೀನಿನಲ್ಲಿ ಕೂರಿಸಿ, ಅದಕ್ಕೇ ತಿಳಿಯುತ್ತದೆ."

೩. ಕೆಂಪು ಶಾಯಿ

ಬಂದರಿನ ಕಚೇರಿಯೊಂದು ಎಸೆಯಲಿದ್ದ ಹಳೆಯ ಪಂಚಿಂಗ್ ಯಂತ್ರವನ್ನು ಕಾಡಿ ಬೇಡಿ ತಂದೆ. ಆಗ ಕಂಪ್ಯೂಟರಿಗೆ ಏನು ಹೇಳಬೇಕಾದರೂ ದಪ್ಪ ಕಾಗದದ ಕಾರ್ಡಿನಲ್ಲಿ ತೂತು ಕೊರೆದು ಹೇಳಬೇಕಿತ್ತು. ಎಡದಿಂದ ಸಾವಿರ, ನೂರು, ಹತ್ತು, ಬಿಡಿ ಅಂತ ಮನೆಗಳು; ಮನೆಯೊಳಗೆ ಯಾವ ಸಾಲಿನಲ್ಲಿ ತೂತೋ ಅದೇ ಅಂಕಿ. ಕೊನೆಗೆ ವಿದ್ಯಾರ್ಥಿಗಳೇ ಸರದಿಯಂತೆ ಕ್ಯಾಂಟೀನಿನಲ್ಲಿ ಕೂತು ಎಣಿಸಿ ತಂದ ಅಂಕಿ, ಒಂದು ದಿನಕ್ಕೆ ಒಂದು ಕಾರ್ಡು.

ಒಂದು ಕಾರ್ಡಿನಲ್ಲಿ ನಾಲ್ಕರ ತೂತು ತಪ್ಪಿ ಐದಕ್ಕೆ ಬಿದ್ದಿತ್ತು. ಅದರ ಮೇಲಿನ ಸಾಲಿನಲ್ಲೇ ನಾಲ್ಕೂ ಇತ್ತು. ಐದರ ತೂತಿನ ಮೇಲೆ ಕೆಂಪು ಶಾಯಿಯ ಗೆರೆ, ಅದರ ಪಕ್ಕ ಪುಟ್ಟದೊಂದು ಸಹಿ. ಮಾಡಿದವಳು ಕ್ಲಾಸಿಗೇ ಮೊದಲಿಗಳು. ಲೆಕ್ಕದಲ್ಲಿ ತಪ್ಪನ್ನು ಅಳಿಸಬಾರದು, ಗೆರೆ ಎಳೆದು ಸಹಿ ಹಾಕಬೇಕು ಅಂತ ಮೊದಲ ವರ್ಷದಿಂದ ಅವಳ ತಲೆಗೆ ತುಂಬಿದ್ದರು.

ಕಂಪ್ಯೂಟರು ತೂತು ಮಾತ್ರ ನೋಡುತ್ತದಮ್ಮ, ಶಾಯಿಯೂ ಕಾಣದು, ಸಹಿಯೂ ಕಾಣದು ಎಂದೆ. ಹಾಗಾದರೆ ತಪ್ಪು ಮಾಡಿದ್ದು ಯಾರು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಅದು ಯಾರನ್ನೂ ಕೇಳುವುದಿಲ್ಲ, ಕೊಟ್ಟದ್ದನ್ನು ಲೆಕ್ಕ ಹಾಕುತ್ತದೆ ಅಷ್ಟೆ ಎಂದೆ. ಬೇರೆ ಕಾರ್ಡು ತೆಗೆದುಕೊಂಡು ಹೊಸದಾಗಿ ಕೊರೆದಳು. ಮನಸ್ಸಿಗೆ ಮಾತ್ರ ಹಿಡಿಸಲಿಲ್ಲ.

"ಇಷ್ಟು ಬೇಜವಾಬ್ದಾರಿ ಇಟ್ಟುಕೊಂಡು ಬ್ಯಾಂಕಿನಲ್ಲಿ ಹೇಗೆ ಕೆಲಸ ಮಾಡುತ್ತೆ ಅದು, ಟೀಚರ್?"

೪. ಹಸಿರು ದಾರ

ತಿರುವನಂತಪುರದಲ್ಲಿ ನಮಗೆ ಸಿಕ್ಕಿದ್ದು ಅರ್ಧ ಗಂಟೆ. ಅದು ತಪ್ಪಿದರೆ ಮತ್ತೆ ಎರಡು ತಿಂಗಳು, ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತಿತ್ತು.

ಹೇಗೆ ಲೆಕ್ಕ ಹಾಕಬೇಕೆಂದು ಹೇಳುವ ಪ್ರೋಗ್ರಾಂ ಕಾರ್ಡುಗಳು ನನ್ನ ಕೈಚೀಲದಲ್ಲಿದ್ದವು. ಕ್ಯಾಂಟೀನಿನ ಮೂವತ್ತು ಕಾರ್ಡು ಮಾತ್ರ ಕಾಲೇಜಿನ ದಾಖಲೆಯಂತೆ, ಆಫೀಸಿನ ಮೂಲಕವೇ ಹೋಗಬೇಕಂತೆ. ಹೆಡ್ ಕ್ಲಾರ್ಕು ಅವನ್ನು ಕಂದು ಕಾಗದದಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ನನ್ನ ಕೈಗಿಟ್ಟರು. ಬೆಳಗಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಹೋದೆ.

ಕಂಪ್ಯೂಟರಿನ ಕೋಣೆಯಲ್ಲಿ ಎ.ಸಿ. ಇತ್ತು. ಅದರ ಆಪರೇಟರು, ಆ ಊರಿನ ಸೆಕೆಯಲ್ಲಿ ಸ್ವೆಟರ್ ಹಾಕಿಕೊಂಡ ಒಬ್ಬನೇ ಮನುಷ್ಯ. ಮುದ್ರೆ ಒಡೆದು ನೋಡಿ, ಕಟ್ಟನ್ನು ನನ್ನ ಕಡೆ ತಿರುಗಿಸಿದ. ಮೂವತ್ತು ಕಾರ್ಡಿಗೂ ಎಡಗಡೆ ಕೆಳಮೂಲೆಯಲ್ಲಿ ತೂತು ಹೊಡೆದು, ಫೈಲಿಗೆ ಹಾಕುವ ಹಸಿರು ದಾರ ಪೋಣಿಸಿ ಗಂಟು ಹಾಕಿತ್ತು.

ಕಾರ್ಡಿನ ಕೆಳಗಿನ ಸಾಲು ಒಂಬತ್ತರದು, ಎಡಗಡೆಯ ಮೊದಲ ಮನೆ ಸಾವಿರದ್ದು. ಪ್ರತಿ ದಿನದ ಪಳಂಪೊರಿಗೂ ಹೆಡ್ ಕ್ಲಾರ್ಕು ಒಂಬತ್ತು ಸಾವಿರ ಸೇರಿಸಿದ್ದರು.

ಏನು ಮಾಡಲಿ ಮೇಡಂ ಎಂದು ಆಪರೇಟರು ಕೇಳಿದ. ಅಲ್ಲಿ ಹೊಸ ಕಾರ್ಡು ಕೊರೆಯಲು ಸಮಯವಿರಲಿಲ್ಲ. ಓಡಿಸಪ್ಪಾ ಎಂದೆ. ಕಂಪ್ಯೂಟರು ಒಂದಿಷ್ಟೂ ತಡವರಿಸದೆ ಅಚ್ಚು ಹಾಕಿತು: ದಿನಕ್ಕೆ ಸರಾಸರಿ 9046.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಹಾಳೆ ಮುಂದಿಟ್ಟು, ನಡೆದದ್ದು ನಡೆದ ಹಾಗೆ ಹೇಳಿದೆ. ಬಾಗಿಲಲ್ಲಿ ಹದಿನಾಲ್ಕೂ ಮುಖ. ಹೆಡ್ ಕ್ಲಾರ್ಕಿಗೆ ಬುಲಾವ್ ಹೋಯಿತು. ಅವರು ಅಳುಕಲಿಲ್ಲ. ಬಿಡಿ ಕಾಗದ ಹಾಗೇ ಕಳಿಸಿದರೆ ಕಾಲೇಜಿನ ಮರ್ಯಾದೆ ಏನಾಗಬೇಕು ಸಾರ್, ಮೇಲಿನ ಮೂಲೆ ಮೊದಲೇ ಕತ್ತರಿಸಿ ಹೋಗಿತ್ತು, ಅದಕ್ಕೇ ಕೆಳಗೆ ಹೊಡೆದೆ ಎಂದರು.

"ಅದರಲ್ಲಿ ಆಗಲೇ ಅಷ್ಟು ತೂತಿತ್ತು. ಇನ್ನೊಂದರಿಂದ ಏನು ನಷ್ಟ ಅಂದುಕೊಂಡೆ."

ಪ್ರಿನ್ಸಿಪಾಲರು ಕ್ಯಾಂಟೀನಿನ ಚೇಟ್ಟನನ್ನೂ ಕರೆಸಿದರು. ದಿನಕ್ಕೆ ನಿಜವಾಗಿ ಎಷ್ಟು ಹೋಗುತ್ತದೆ ಎಂದರೆ, ಚೇಟ್ಟ ಅಭ್ಯಾಸದಂತೆ ಸಾಧಾರಣ ಅಂದು, ನನ್ನ ಮುಖ ನೋಡಿ, ನಲವತ್ತೈದು ನಲವತ್ತಾರು ಎಂದು ತಿದ್ದಿಕೊಂಡರು.

ಆಗ ಆ ಮೊದಲಿಗಳು ಒಳಗೆ ಬಂದಳು. ಅಪ್ಪಣೆ ಕೇಳಿ, ಜಾಮೆಟ್ರಿ ಪೆಟ್ಟಿಗೆಯಿಂದ ಕೆಂಪು ಪೆನ್ನು ತೆಗೆದು, 9046ರ ಒಂಬತ್ತರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದಳು. ಉಳಿದದ್ದು ನಲವತ್ತಾರು.

ಪ್ರಿನ್ಸಿಪಾಲರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಅಷ್ಟು ತಿಂಗಳ ಪಾಠ ಸಾಧಿಸದ್ದನ್ನು ಆ ಒಂದು ಗೆರೆ ಸಾಧಿಸಿತು. ಈಗ ಇದು ನಂಬುವಂಥ ಕಾಗದ ಎಂದು, ಅವಳ ಸಹಿಯ ಕೆಳಗೆ ತಾವೂ ಒಂದು ಸಹಿ ಹಾಕಿದರು. ಮುಂದಿನ ವರ್ಷವೂ ಕ್ಲಾಸು ಇರಲಿ, ಇದನ್ನು ಫೈಲಿಗೆ ಸೇರಿಸಿ ಎಂದರು.

ಹೆಡ್ ಕ್ಲಾರ್ಕು ಹಾಳೆ ತೆಗೆದುಕೊಂಡರು, ಪಂಚು ಕೈಗೆತ್ತಿಕೊಂಡರು, ಎಡಮೂಲೆಗೆ ಹಿಡಿದರು. ಅಲ್ಲೇ ನಿಂತರು. ಆಮೇಲೆ ಮೆಲ್ಲಗೆ ಆ ಹುಡುಗಿಯ ಕಡೆ ತಿರುಗಿ, ಮಗಳನ್ನು ಕರೆಯುವಂತೆ ಕರೆದರು.

"ಮೋಳೇ, ಇಲ್ಲಿ ಹೊಡೆದರೆ ಎಷ್ಟಾಗುತ್ತದೆ?"